ಪಾದಗಳು ಆಡುವ ಮಾತು
(ಪವಿತ್ರ ಗುರುವಾರದ ಪ್ರಬೋಧನೆ)



ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಧರ್ಮಕೇಂದ್ರದ ಹನ್ನೆರಡು ಮಂದಿ ಪೀಠದ ಮುಂದೆ ಬಂದು ಕುಳಿತುಕೊಳ್ಳುತ್ತಾರೆ. ಮೊಣಕಾಲೂರಿ ಅವರ ಪಾದಗಳನ್ನು ತೊಳೆದು, ಒರೆಸಲಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ನೀರು ಸುರಿಯುವ ಸದ್ದು, ಗಾಯನ ಮಂಡಳಿಯ ಹಾಡು, ಇಷ್ಟೇ. ಆದರೂ ಅಲ್ಲಿ ಏನು ಹೇಳಲಾಗುತ್ತಿದೆ ಎಂಬುದು ಮುಂದಿನ ಸಾಲಿನಲ್ಲಿ ಕುಳಿತ ಪುಟ್ಟ ಮಗುವಿಗೂ ಅರ್ಥವಾಗುತ್ತದೆ. ಬಾಯಿ ಸುಮ್ಮನಿದ್ದಾಗಲೂ ದೇಹ ಮಾತನಾಡುತ್ತದೆ. ಇದನ್ನೇ ಇಂದು ದೇಹಭಾಷೆ ಎನ್ನುತ್ತಾರೆ.

ಈ ಹೆಸರು ಹೊಸದಿರಬಹುದು, ಆದರೆ ಭಾಷೆ ಹಳೆಯದು. ನಮ್ಮ ಮನೆಯ ಮಾತುಗಳನ್ನೇ ನೆನಪಿಸಿಕೊಳ್ಳೋಣ. ಒಬ್ಬರು ಮುಖ ಊದಿಸಿಕೊಂಡರು, ಇನ್ನೊಬ್ಬರು ಮೂಗು ಮುರಿದರು, ಮಾವ ಹುಬ್ಬು ಗಂಟಿಕ್ಕಿದರು, ಅತ್ತೆ ಕಣ್ಣಲ್ಲೇ ಗದರಿಸಿದರು, ಮೇಷ್ಟ್ರು ಬೆನ್ನು ತಟ್ಟಿದರು ಎನ್ನುತ್ತೇವೆ. ಹಾವಭಾವವನ್ನು ಓದುವುದು ನಮಗೆ ಯಾರೂ ಕಲಿಸದೆಯೇ ಬಂದ ವಿದ್ಯೆ. ಮಾತು ಬಾರದ ಕೂಸು ತಾಯಿಯ ಮುಖ ನೋಡಿಯೇ ನಗುತ್ತದೆ, ಮುಖ ನೋಡಿಯೇ ಅಳುತ್ತದೆ.

ಪ್ರಭು ಯೇಸುವಿನ ಆ ಕೊನೆಯ ರಾತ್ರಿಯನ್ನು ಈ ದೃಷ್ಟಿಯಿಂದ ನೋಡಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಸಂತ ಯೊವಾನ್ನರ ಶುಭಸಂದೇಶ ತಿಳಿಸುವ ಪಾದ ತೊಳೆಯುವಿಕೆ. ಗುರುವಾದವರು ಊಟದಿಂದ ಎದ್ದು, ಮೇಲುಡುಪು ತೆಗೆದಿಟ್ಟು, ಅಂದು ಆಳುಗಳು ಮಾಡುತ್ತಿದ್ದ ಕೆಲಸವನ್ನು ತಾವೇ ಮಾಡಿದರು. ಎರಡನೆಯದು, ತೋಟದಲ್ಲಿ ಯೂದನು ಕೊಟ್ಟ ಮುತ್ತು. ಮೂರನೆಯದನ್ನು ಸಂತ ಲೂಕರು ಮಾತ್ರ ಬರೆದಿದ್ದಾರೆ. ಪೇತ್ರನು ಮೂರನೆಯ ಸಲ ಪ್ರಭುವನ್ನು ಅರಿಯೆನೆಂದಾಗ ಯೇಸು ತಿರುಗಿ ಅವನನ್ನು ನೋಡಿದರು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಆ ಒಂದು ನೋಟಕ್ಕೇ ಪೇತ್ರನು ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತನು.

ಪ್ರಿಯರೇ, ಯೂದನ ಮುತ್ತಿನ ಬಳಿ ನಾವು ಒಂದು ಕ್ಷಣ ನಿಲ್ಲಬೇಕು. ದೂರದಿಂದ ನೋಡಿದವರಿಗೆ ಅದು ಪ್ರೀತಿಯ ಗುರುತು. ಒಳಗಿದ್ದದ್ದು ದ್ರೋಹ. ಎಂದರೆ ದೇಹವೂ ಸುಳ್ಳು ಹೇಳಬಲ್ಲದು. ಹಾಗಾಗಿ ಇನ್ನೊಬ್ಬರ ಹಾವಭಾವ ನೋಡಿದ ಮಾತ್ರಕ್ಕೆ ಅವರ ಮನಸ್ಸು ತಿಳಿದುಬಿಟ್ಟಿತು ಎಂದುಕೊಳ್ಳುವುದು ಅಪಾಯ.

ಸಂವಹನದಲ್ಲಿ ಮಾತಿನ ಪಾಲು ಶೇಕಡ 7 ಮಾತ್ರ, ದನಿಯದು 38, ಮುಖಭಾವದ್ದು 55 ಎಂದು ತರಬೇತಿ ಶಿಬಿರಗಳಲ್ಲಿ ಹೇಳುವುದನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಈ ಲೆಕ್ಕ ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಆ ಪ್ರಯೋಗಗಳು ನಡೆದದ್ದು ಬಿಡಿ ಪದಗಳ ಮೇಲೆ, ಅದೂ ಇಷ್ಟಾನಿಷ್ಟಗಳ ಭಾವನೆಯ ಕುರಿತು. ಎಲ್ಲ ಮಾತುಕತೆಗೂ ಈ ಲೆಕ್ಕ ಸಲ್ಲುವುದಿಲ್ಲವೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ಇನ್ನು ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತೇವೆ ಎನ್ನುವವರಿದ್ದಾರೆ. 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸತ್ಯವೋ ಸುಳ್ಳೋ ಎಂದು ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ ಮಾತ್ರ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ!

ಊರಿಂದ ಊರಿಗೆ ಈ ಭಾಷೆ ಬದಲಾಗುವುದೂ ಉಂಟು. ಎದೆಯ ಮೇಲೆ ಕೈಕಟ್ಟಿ ನಿಂತವನು ಮನಸ್ಸು ಮುಚ್ಚಿಕೊಂಡವನು ಎಂದು ಹೊರದೇಶದ ಪುಸ್ತಕಗಳು ಹೇಳುತ್ತವೆ. ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಕೈಕಟ್ಟಿ ನಿಲ್ಲು ಎಂದದ್ದು ಮರ್ಯಾದೆ ಕಲಿಸುವುದಕ್ಕೆ. ಹಿರಿಯರೆದುರು ಕಣ್ಣು ತಗ್ಗಿಸುವ ಹುಡುಗಿ ಏನನ್ನೂ ಮುಚ್ಚಿಡುತ್ತಿಲ್ಲ, ಗೌರವ ತೋರುತ್ತಿದ್ದಾಳೆ. ಧರ್ಮಸಭೆಯೂ ಇದನ್ನು ಅರಿತಿದೆ. 1969ರಲ್ಲಿ ಭಾರತದ ಪೂಜಾವಿಧಿಗೆ ರೋಮ್ ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ, ಚಪ್ಪಲಿ ಕಳಚಿಡುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಕೈಜೋಡಿಸಿ ಬಾಗಿ ನಮಿಸುವುದು, ಕೈಮುಗಿದು ಶಾಂತಿ ಕೋರುವುದು ಸೇರಿದ್ದವು. ಭಕ್ತಿ ಒಂದೇ, ಅದನ್ನು ಆಡುವ ದೇಹದ ನುಡಿ ಬೇರೆ.

ಹಾಗಾದರೆ ಈ ಭಾಷೆಯನ್ನು ನಾವು ಕಲಿಯಬೇಕಾದದ್ದು ಏತಕ್ಕೆ? ಇನ್ನೊಬ್ಬರನ್ನು ಪತ್ತೆಹಚ್ಚಲು ಅಲ್ಲ, ನಮ್ಮನ್ನು ನಾವು ತಿದ್ದಿಕೊಳ್ಳಲು. ಒಂದು ಘಟನೆಯನ್ನು ತಮ್ಮೊಡನೆ ಹಂಚಿಕೊಳ್ಳುತ್ತೇವೆ.

ಹಿಂದೆ ಒಂದು ಧರ್ಮಕೇಂದ್ರದಲ್ಲಿ ನಾವು ಮೂವರು ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುತ್ತಿದ್ದೆವು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ. ಪ್ರಾರ್ಥನೆ ಮುಗಿದ ಮೇಲೆ ಅವರು, "ಫಾದರ್, ನನ್ನ ದೊಡ್ಡ ಮಗ..." ಎಂದು ಮೊದಲು ಮಾಡಿದರು. ನಮ್ಮಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಹೇಳಿ ಅಜ್ಜ, ಕೇಳುತ್ತಿದ್ದೇವೆ" ಎಂದೆವು. ಆದರೆ ನಮ್ಮ ಪಾದಗಳು ಹೊಸ್ತಿಲ ಕಡೆಗೆ ತಿರುಗಿದ್ದವು. ಅಜ್ಜ ನಂಬಿದ್ದು ಬಾಯಿಯನ್ನಲ್ಲ, ಪಾದಗಳನ್ನು. "ಏನಿಲ್ಲ ಫಾದರ್, ನಿಮಗಿನ್ನೂ ಐದಾರು ಮನೆ ಇವೆ, ಹೋಗಿ ಬನ್ನಿ" ಎಂದುಬಿಟ್ಟರು.

ಆ ರಾತ್ರಿ ನಮಗೆ ಸಮಾಧಾನವಿರಲಿಲ್ಲ. ಮರುದಿನ ಮತ್ತೆ ಹೋದೆವು. ಮೊಬೈಲ್ ಆರಿಸಿ, ಮಂಚದ ಪಕ್ಕ ಕುಳಿತು, ಅವರ ಕೈ ಹಿಡಿದುಕೊಂಡೆವು. ಬಹಳ ಹೊತ್ತು ಅವರೂ ಮಾತನಾಡಲಿಲ್ಲ, ನಾವೂ ಮಾತನಾಡಲಿಲ್ಲ. ಆಮೇಲೆ ಹೇಳಿದರು. ಆಸ್ತಿ ಪಾಲಿನ ಜಗಳ, ಹನ್ನೊಂದು ವರ್ಷಗಳಿಂದ ಮಗನೊಂದಿಗೆ ಮಾತಿಲ್ಲ. ನಾವು ಹೇಳಿಕಳುಹಿಸಿದೆವು. ಮಗ ಬಂದು ಬಾಗಿಲಲ್ಲೇ ನಿಂತ. ಅಪ್ಪ ಕರೆಯಲಿಲ್ಲ, ಮಗ ಕ್ಷಮಿಸಿ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಒಳಗೆ ಬಂದು, ಹಾಸಿಗೆಯ ಕೊನೆಗೆ ಕುಳಿತು, ಅಪ್ಪನ ಕಾಲು ಒತ್ತತೊಡಗಿದ. ಅಜ್ಜ ಕಷ್ಟಪಟ್ಟು ಎದ್ದು ಕುಳಿತು ಅವನ ತಲೆಯ ಮೇಲೆ ಕೈಯಿಟ್ಟರು. ಮುಂದಿನ ಮೊದಲ ಶುಕ್ರವಾರದ ಹೊತ್ತಿಗೆ ಆ ಮಂಚ ಖಾಲಿಯಾಗಿತ್ತು. ಮರುದಿನ ನಾವು ಹೋಗದೆ ಇದ್ದಿದ್ದರೆ ಎಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಬಾಗಿದ ದೇಹಕ್ಕೆ ಇಂಥ ಶಕ್ತಿಯಿದೆ. 2019ರ ಏಪ್ರಿಲ್ 11ರಂದು ಜಗದ್ಗುರು ಫ್ರಾನ್ಸಿಸರು ವ್ಯಾಟಿಕನ್‌ನಲ್ಲಿ ದಕ್ಷಿಣ ಸುಡಾನಿನ ನಾಯಕರ ಮುಂದೆ ಮೊಣಕಾಲೂರಿ, ಒಬ್ಬೊಬ್ಬರ ಪಾದಕ್ಕೂ ಮುತ್ತಿಟ್ಟರು. ಆಗ ಅವರಿಗೆ 82 ವರ್ಷ. ಏಳಲು ಪಕ್ಕದವರು ಹಿಡಿದುಕೊಳ್ಳಬೇಕಾಯಿತು. ಒಬ್ಬರ ವಿರುದ್ಧ ಒಬ್ಬರು ಯುದ್ಧ ಮಾಡಿದ ನಾಯಕರು ಅಲ್ಲಿದ್ದರು. ಆ ಒಂದು ಗುರುತಿನಿಂದಲೇ ಆ ನಾಡಿನ ಕಷ್ಟ ತೀರಲಿಲ್ಲ, ನಿಜ. ಗುರುತು ಬಾಗಿಲನ್ನು ತೆರೆಯುತ್ತದೆ, ಒಳಗೆ ನಡೆಯಬೇಕಾದವರು ನಾವೇ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಮಗಳು ಶಾಲೆಯ ಸುದ್ದಿ ಹೇಳಲು ಬರುತ್ತಾಳೆ. "ಹೇಳು ಪುಟ್ಟಿ" ಎನ್ನುತ್ತೇವೆ, ಕಣ್ಣು ಮೊಬೈಲಿನ ಮೇಲೆಯೇ ಇರುತ್ತದೆ. ನಾಲ್ಕು ಸಲ ಹೀಗಾದರೆ ಐದನೆಯ ಸಲ ಅವಳು ಬರುವುದಿಲ್ಲ. ಹೆಂಡತಿ ಊಟ ಬಡಿಸುತ್ತಾಳೆ, ನಾವು ಮುಖ ಎತ್ತಿ ನೋಡುವುದಿಲ್ಲ. ಪೂಜೆಯಲ್ಲಿ ಶಾಂತಿ ಕೋರುವಾಗ, ಮುನಿಸಿಕೊಂಡ ತಮ್ಮನಿರುವ ಪಕ್ಕ ಬಿಟ್ಟು ಉಳಿದೆಲ್ಲ ಕಡೆಗೂ ಕೈಮುಗಿಯುತ್ತೇವೆ!

ಆದುದರಿಂದ ಈ ಹಬ್ಬದ ದಿನಗಳಲ್ಲಿ ಮೂರು ಸಣ್ಣ ಕೆಲಸ ಮಾಡೋಣ. ಮನೆಯವರು ಮಾತನಾಡುವಾಗ ಕೈಯಲ್ಲಿರುವುದನ್ನು ಕೆಳಗಿಟ್ಟು ಅವರ ಕಡೆ ತಿರುಗೋಣ. ಒಬ್ಬರ ಮುಖ ಬಾಡಿದ್ದರೆ, "ಇವರಿಗೆ ಸೊಕ್ಕು" ಎಂದು ತೀರ್ಪು ಕೊಡದೆ, "ಏನಾಯಿತು?" ಎಂದು ಹತ್ತಿರ ಹೋಗಿ ಕೇಳೋಣ. ಕ್ಷಮೆಯ ಮಾತು ಬಾಯಿಗೆ ಬಾರದಿದ್ದರೆ ಕೈಗಾದರೂ, ಕಾಲಿಗಾದರೂ ಅದನ್ನು ಕಲಿಸೋಣ.

ಆ ರಾತ್ರಿ ಯೇಸುಸ್ವಾಮಿ ತೊಳೆದ ಪಾದಗಳಲ್ಲಿ ಯೂದನ ಪಾದಗಳೂ ಇದ್ದವು. ಅವನ ಮನಸ್ಸನ್ನು ಬಲ್ಲವರಾಗಿಯೂ ಅವರು ಅವನ ಮುಂದೆ ಬಾಗಿದರು. ಅವರಂತೆ ಬಾಗುವ ವರವನ್ನು ಪ್ರಭು ನಮ್ಮ ಮೊಂಡು ಮೊಣಕಾಲುಗಳಿಗೂ ದಯಪಾಲಿಸಲಿ. ಆಮೆನ್.