ಎಚ್ಚರಿಕೆಗಿಂತ ಮುಂಚೆ ಅರ್ಥ



ವಿಜ್ಞಾನವನ್ನು ಕನ್ನಡದಲ್ಲಿ ಜನಸಾಮಾನ್ಯರಿಗೆ ಮುಟ್ಟಿಸುವ ಕೆಲಸ ನಿನ್ನೆ ಮೊನ್ನೆಯದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದು ನೂರು ವರ್ಷಗಳ ಮೇಲಾಯಿತು. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ನಮ್ಮ ಹಾಸನದಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ. ಅದು ಊರಿಗೆ ಹೆಮ್ಮೆ. ಆದರೆ ಉಪಗ್ರಹ ಹೇಗೆ ತಿರುಗುತ್ತದೆಂದು ತಿಳಿಯದಿದ್ದರೆ ನಮ್ಮ ಗಂಟೇನೂ ಹೋಗುವುದಿಲ್ಲ. ಮೊಬೈಲಿನಲ್ಲಿ ಹಣ ಹೇಗೆ ಓಡಾಡುತ್ತದೆಂದು ತಿಳಿಯದಿದ್ದರೆ ಗಂಟೇ ಹೋಗುತ್ತದೆ.

ಈ ವಿಷಯದಲ್ಲಿ ಪತ್ರಿಕೆ, ಬಾನುಲಿ, ದೂರದರ್ಶನಗಳು ಸುಮ್ಮನೆ ಕುಳಿತಿಲ್ಲ. ‘ನಿಮ್ಮ ಪಿನ್ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದು ಮೂರು ಹೊತ್ತೂ ಸಾರುತ್ತಿವೆ. ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ಹಳೆಯ ಬೀರುವೊಂದನ್ನು ಮಾರಲು ಹೊರಟರು. ಕೊಳ್ಳುವವನೆಂದು ಫೋನು ಮಾಡಿದವನು ಒಂದು ಕ್ಯೂಆರ್ ಕೋಡನ್ನು ಕಳುಹಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಸಾರ್, ಮುಂಗಡ ನಿಮ್ಮ ಖಾತೆಗೆ ಬರುತ್ತದೆ’ ಎಂದ. ಒತ್ತಿದರು. ಬರಬೇಕಾದದ್ದು ಬರಲಿಲ್ಲ; ಇದ್ದದ್ದು ಹೋಯಿತು. ನಾಚಿಕೆಯಿಂದ ಮೂರು ದಿನ ಮಗನಿಗೂ ತಿಳಿಸಲಿಲ್ಲ. ಆಮೇಲೆ ನನ್ನೊಡನೆ ಅಂದರು: ‘ಯಾರಿಗೂ ಹೇಳಬೇಡಿ ಎಂದಿದ್ದರು. ನಾನು ಯಾರಿಗೂ ಹೇಳಲೇ ಇಲ್ಲವಲ್ಲ, ಮೇಷ್ಟ್ರೇ!’

ಅವರು ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಿದ್ದರು. ಊನವಿದ್ದದ್ದು ಎಚ್ಚರಿಕೆಯಲ್ಲಿ. ಅದು ಅಪ್ಪಣೆ ಕೊಟ್ಟಿತು, ಅರ್ಥ ಕೊಡಲಿಲ್ಲ.

ನಮ್ಮ ತಲೆಮಾರಿನವರ ಹಣದ ವ್ಯಾಕರಣವೇ ಬೇರೆ. ಅಂಚೆಯವನು ಮನಿಯಾರ್ಡರ್ ತಂದಾಗ ಸಹಿ ಮಾಡುತ್ತಿದ್ದವನು ಪಡೆಯುವವನು. ಹಣ ಬರಬೇಕಾದರೆ ನಮ್ಮ ಕಡೆಯಿಂದ ಏನಾದರೊಂದು ಗುರುತು ಬೀಳಬೇಕೆಂಬ ನಂಬಿಕೆ ನಮ್ಮ ಬೆರಳಿನಲ್ಲೇ ಕುಳಿತಿದೆ. ಯುಪಿಐ ಪದ್ಧತಿಯಲ್ಲಿ ಇದು ತಿರುವು ಮುರುವು. ಸಂತೆಯಲ್ಲಿ ಆಲೂಗೆಡ್ಡೆ ಮಾರುವ ತಾಯಿಯನ್ನು ನೋಡಿ. ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಫಲಕ, ಮಾತನಾಡುವ ಒಂದು ಪುಟ್ಟ ಪೆಟ್ಟಿಗೆ. ಸ್ಕ್ಯಾನ್ ಮಾಡುವವನೂ ಪಿನ್ ಒತ್ತುವವನೂ ಕೊಂಡವನೇ. ನಲವತ್ತು ರೂಪಾಯಿ ಬಂತೆಂದು ಪೆಟ್ಟಿಗೆ ಕೂಗುತ್ತದೆ. ಆಕೆ ಏನನ್ನೂ ಒತ್ತುವುದಿಲ್ಲ. ಅವಳ ಕೈ ಮುಂದಿನ ಗಿರಾಕಿಯ ಚೀಲದಲ್ಲಿರುತ್ತದೆ. ಪಿನ್ ಎಂಬುದು ಕೊಡುವವನ ಸಹಿ. ಇಷ್ಟು ಮನದಟ್ಟಾದವನಿಗೆ ವಂಚಕನು ಹೊಸ ಕಥೆ ಕಟ್ಟಿದರೂ ಸಿಕ್ಕಿಬೀಳುವ ಎಡೆ ಕಿರಿದಾಗುತ್ತದೆ. ಬರಿಯ ಎಚ್ಚರಿಕೆಯನ್ನು ಕಂಠಪಾಠ ಮಾಡಿದವನಿಗೆ ಪ್ರತಿ ಕಥೆಯೂ ಹೊಸದೇ.

ಪದಗಳ ಬಗ್ಗೆಯೂ ಒಂದು ಮಾತು. ಕನ್ನಡ ಮೇಷ್ಟರ ಚಪಲವೆಂದು ಕ್ಷಮಿಸಬೇಕು. ವಂಚಕರು ಪೊಲೀಸರ ವೇಷದಲ್ಲಿ ವೀಡಿಯೋ ಕರೆ ಮಾಡಿ, ‘ನೀವು ಬಂಧನದಲ್ಲಿದ್ದೀರಿ, ಕದಲಬೇಡಿ’ ಎಂದು ಹೆದರಿಸಿ ಹಣ ಕೀಳುವುದಕ್ಕೆ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರಷ್ಟೆ. ಇಂಥ ಬಂಧನವೇ ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಿ ನರೇಂದ್ರ ಮೋದಿಯವರು 27 ಅಕ್ಟೋಬರ್ 2024ರ ಬಾನುಲಿ ಭಾಷಣದಲ್ಲಿ ಹೇಳಿದರು. ಆದರೂ ನಮ್ಮ ಪತ್ರಿಕೆಗಳು ಕಳ್ಳನ ಪದವನ್ನೇ ತಲೆಬರಹದಲ್ಲಿ ಮೆರೆಸುತ್ತಿವೆ. ಪದೇ ಪದೇ ಅಚ್ಚಾದ ಪದಕ್ಕೆ ಸರ್ಕಾರಿ ಮುದ್ರೆಯ ಗತ್ತು ಬಂದುಬಿಡುತ್ತದೆ. ಅದನ್ನು ‘ವೀಡಿಯೋ ಬೆದರಿಕೆ’ ಎಂದರೆ ಓದುವ ಮುದುಕನಿಗೆ ಅರ್ಧ ಭಯ ಕಳೆದೀತು.

ಹಣ ಹೋದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಏಕೆಂಬುದನ್ನೂ ಹೇಳಿಬಿಡುತ್ತೇನೆ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹರಿಯುತ್ತದೆ. ಹರಿಯುತ್ತಿರುವಾಗ ಬ್ಯಾಂಕು ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ನಗದಾಗಿ ಹೊರಬಿದ್ದ ಮೇಲೆ ಬಲು ಕಷ್ಟ. ಬರೆದುಕೊಳ್ಳುವವರಿಗಾಗಿ ಇನ್ನೊಮ್ಮೆ: ಒಂದು, ಒಂಬತ್ತು, ಮೂರು, ಸೊನ್ನೆ.