ಮಗನನ್ನು ಪಟ್ಟಣಕ್ಕೆ ಕಳುಹಿಸುವ ಮುನ್ನ

(ಜತ್ತ ತಾಲೂಕಿನ ತೋಟದ ಕೆಲಸಗಾರರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ದ್ರಾಕ್ಷಿ ಕಟಾವಿನ ಈ ದಿನಗಳಲ್ಲಿ ಅರ್ಧ ದಿನದ ಕೂಲಿಯನ್ನು ಬಿಟ್ಟು ನೀವು ಇಲ್ಲಿಗೆ ಬಂದಿದ್ದೀರಿ. ಆ ಅರ್ಧ ದಿನಕ್ಕೆ ಬೆಲೆ ಇದೆ. ಆದುದರಿಂದ ಸುತ್ತಿ ಬಳಸಿ ಮಾತನಾಡದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಇಂದು ನಮ್ಮ ಕೇರಿಗಳಲ್ಲಿ ಇಂಜಿನಿಯರಿಂಗ್ ಓದಿದ ಮಕ್ಕಳು ಇದ್ದಾರೆ. ಇದು ಸಣ್ಣ ಸಂಗತಿಯಲ್ಲ. ತಾಯಿ ಬೇರೆಯವರ ದಾಳಿಂಬೆ ತೋಟದಲ್ಲಿ ಕಳೆ ಕೀಳುತ್ತಾಳೆ, ತಂದೆ ಟೋಳಿಯೊಂದಿಗೆ ಕಬ್ಬು ಕಡಿಯಲು ಹೋಗುತ್ತಾನೆ, ಮಗ ಡಿಗ್ರಿ ಹಿಡಿದು ಮನೆಗೆ ಬರುತ್ತಾನೆ. ಪೇಢೆ ಹಂಚುತ್ತೇವೆ. ಮರುವಾರವೇ ಕೇಳುತ್ತೇವೆ: "ಬೆಂಗಳೂರಿಗೆ ಯಾವಾಗ ಹೊಂಟಿ?" ಆ ಪ್ರಶ್ನೆ ಕೇಳಿದವರಲ್ಲಿ ನಾವೂ ಒಬ್ಬರು. ನಮ್ಮ ತಪ್ಪಿನಿಂದಲೇ ಮಾತನ್ನು ಆರಂಭಿಸಬೇಕಾಗಿದೆ.

ಎರಡು ವರ್ಷಗಳ ಹಿಂದೆ ನಮ್ಮವನೇ ಆದ ಒಬ್ಬ ಹುಡುಗನನ್ನು ಬೆಂಗಳೂರಿಗೆ ಕಳುಹಿಸಿದೆವು. ಮೆಕ್ಯಾನಿಕಲ್ ಓದಿದವನು. ತಂದೆ ಬಡ್ಡಿಗೆ ಅರವತ್ತು ಸಾವಿರ ರೂಪಾಯಿ ತಂದ. ಆ ಕಾಗದಕ್ಕೆ ಸಾಕ್ಷಿ ಸಹಿ ಹಾಕಿದವರು ನಾವೇ. ಕೆಲಸ ಕೊಡಿಸುತ್ತೇವೆಂದ ಒಬ್ಬ ದಲ್ಲಾಳಿಗೆ ಆ ಹಣ ಹೋಯಿತು. ಹಣದೊಂದಿಗೆ ಹುಡುಗನ ಮೂಲ ಅಂಕಪಟ್ಟಿಗಳೂ ಹೋದವು.

ಏಳು ತಿಂಗಳು ಪ್ರತಿ ಭಾನುವಾರ ಹುಡುಗ ಮನೆಗೆ ಫೋನ್ ಮಾಡಿದ. "ಯಪ್ಪಾ, ಕೆಲಸ ಚಲೋ ಐತಿ, ಪಗಾರ ಇನ್ನ ಜಮಾ ಆಗಿಲ್ಲ" ಎಂದು ಹೇಳಿದ. ಸಂಘದ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ನಾವು ಅವನನ್ನು ಹುಡುಕಿದೆವು. ಆರು ಜನರಿರುವ ಒಂದು ಕೋಣೆ. ಹಗಲು ಸಂದರ್ಶನ, ರಾತ್ರಿ ಬೇರೆಯವನ ಬೈಕಿನಲ್ಲಿ ಊಟದ ಪಾರ್ಸೆಲ್ ಮುಟ್ಟಿಸುವ ಕೆಲಸ. ನಮ್ಮನ್ನು ಕಂಡು ಆ ಹುಡುಗ ಮೊದಲು ಕೇಳಿದ್ದು ಇಷ್ಟೇ: "ಅಪ್ಪಗ ಹೇಳ್ತೀರೇನ್ರಿ?"

ಹೇಳಿದೆವು. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಕೆಲಸ ಇಲ್ಲ ಅಂದಿದ್ರ ನಾ ಏನ್ ಹೊಡೀತಿದ್ನೇನ್ರಿ?" ಎಂದ. ಬಂಧುಗಳೇ, ಆ ಹುಡುಗ ಸುಳ್ಳು ಹೇಳಿದ್ದು ತಂದೆಗೆ ಹೆದರಿ ಅಲ್ಲ. ನಾವು ಹಂಚಿದ ಪೇಢೆಗೆ ಹೆದರಿ.

ಮೂವರು ಕೂಡಿ ದಲ್ಲಾಳಿಯ ಬಾಗಿಲಿಗೆ ಹೋದೆವು. ಅಂಕಪಟ್ಟಿ ಮರಳಿಸಲು ಅವನು ಇನ್ನೂ ಇಪ್ಪತ್ತು ಸಾವಿರ ಕೇಳಿದ. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟ ಮೇಲೆ ಅಂಕಪಟ್ಟಿಗಳು ಬಂದವು. ಹಣ ಬರಲಿಲ್ಲ. ಆ ಸಾಲ ಇಂದಿಗೂ ತೀರಿಲ್ಲ.

ಕಬ್ಬಿನ ಮುಕಾದಮನನ್ನು ನಾವು ಬಲ್ಲೆವು. ಅವನು ಮುಂಗಡ ಕೊಟ್ಟು ನಮ್ಮನ್ನು ಕಟ್ಟಿಹಾಕುತ್ತಾನೆ. ಈ ಹೊಸ ಮುಕಾದಮ ನಮ್ಮಿಂದಲೇ ಮುಂಗಡ ಪಡೆದು ನಮ್ಮ ಮಕ್ಕಳನ್ನು ಕಟ್ಟಿಹಾಕುತ್ತಾನೆ. ಹಳಬನನ್ನು ಕಂಡರೆ ಎಚ್ಚರವಾಗುವ ನಾವು, ಹೊಸಬ ಇಸ್ತ್ರಿ ಅಂಗಿ ತೊಟ್ಟಿದ್ದಾನೆಂದು ಮೋಸಹೋಗುತ್ತೇವೆ.

ಊರ ಹೊರಗಿನಿಂದ ಹೋದವರಿಗೆ ಕೆಲಸ ಸಿಗುವುದು ಇಷ್ಟು ಕಷ್ಟವೇಕೆ? ಹಿಂದೆ ಬೆಂಗಳೂರಿನಲ್ಲಿ ದೊಡ್ಡ ಸರಕಾರಿ ಕಾರ್ಖಾನೆಗಳು ಎದ್ದವು. 1940ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಅಲ್ಲಿ ಕಾಯಂ ಕೆಲಸ ಸಿಕ್ಕವನಿಗೆ ಕಾಲೊನಿ, ಬಸ್ಸು, ಕ್ಯಾಂಟೀನು, ಸಂಘ ಎಲ್ಲವೂ ಇದ್ದವು. 1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ನಮ್ಮ ಪುಣೆಯಲ್ಲಿ. 1983ರಲ್ಲಿ ಬೆಂಗಳೂರಿಗೆ ಹೋಯಿತು. ನೋಡಿರಿ, ಕಂಪನಿಗಳೂ ಊರು ಬಿಟ್ಟು ಹೋಗಿವೆ. ಆದರೆ ಅವು ಹೋಗುವಾಗ ಲೆಕ್ಕ ಹಾಕಿಕೊಂಡು ಹೋಗುತ್ತವೆ. ನಾವು ಆಸೆ ಹೊತ್ತುಕೊಂಡು ಹೋಗುತ್ತೇವೆ.

ಇಂದಿನ ಕಂಪನಿಗಳು ಹೊಸಬರನ್ನು ಹೆಚ್ಚಾಗಿ ಕಾಲೇಜಿನ ಅಂಗಳದಲ್ಲಿಯೇ ಆರಿಸಿಕೊಳ್ಳುತ್ತವೆ. ಹೆಸರಾದ ಕಾಲೇಜುಗಳಿಗೆ ಅವು ಬರುತ್ತವೆ. ದೂರದ ಸಣ್ಣ ಕಾಲೇಜಿನ ಗೇಟಿಗೆ ಬರುವುದು ಅಪರೂಪ. ಅಲ್ಲಿ ತಪ್ಪಿದವನು ಹೊರಗಿನಿಂದ ಅರ್ಜಿ ಹಾಕಬೇಕು. "ನಾಳೆ ಬಂದು ಸೇರುವೆಯಾ?" ಎಂಬ ಪ್ರಶ್ನೆಗೆ ಪಕ್ಕದ ಬಡಾವಣೆಯವನು ಹೌದೆನ್ನುತ್ತಾನೆ. ಜತ್ತದ ಹುಡುಗ ಮೊದಲು ಮಿರಜ್‌ಗೆ ಹೋಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಬೇಕು. ಆದುದರಿಂದ ಮಗ ಡಿಗ್ರಿ ಮುಗಿಸಿದ ಮೇಲೆ ಯೋಚಿಸುವುದಲ್ಲ. ಕಾಲೇಜು ಆರಿಸುವಾಗಲೇ ಯೋಚಿಸಬೇಕು. ಆ ಕಾಲೇಜಿಗೆ ಯಾವ ಕಂಪನಿಗಳು ಬಂದಿದ್ದವು, ಎಷ್ಟು ಮಕ್ಕಳಿಗೆ ನೇಮಕಪತ್ರ ಸಿಕ್ಕಿತು ಎಂದು ಹಳೆಯ ವಿದ್ಯಾರ್ಥಿಗಳನ್ನೇ ಕೇಳಿರಿ. ಕಾಲೇಜಿನ ಬಣ್ಣದ ಪುಸ್ತಕವನ್ನು ನಂಬಬೇಡಿರಿ.

ಇಲ್ಲಿ ನಮ್ಮ ತಾಲೂಕಿಗೆ ಒಂದು ಬಾಗಿಲು ಇದೆ. ಅನೇಕರಿಗೆ ಅದು ಗೊತ್ತಿಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ, ಅಂದರೆ ಸಿ.ಇ.ಟಿ.ಯಲ್ಲಿ, ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳೂ ಕೇರಳದ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳೂ ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಈ ತಾಲೂಕುಗಳಲ್ಲಿ ನಿಗದಿತ ವರ್ಷ ಓದಿದ ದಾಖಲೆ ಇರಬೇಕು. ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ದಾಖಲೆಯನ್ನು ಹರಕು ಕಾಗದವೆಂದು ಎಸೆಯಬೇಡಿರಿ. ತಗಡಿನ ಪೆಟ್ಟಿಗೆಯಲ್ಲಿ ರೇಷನ್ ಕಾರ್ಡಿನ ಪಕ್ಕದಲ್ಲಿ ಅದನ್ನು ಇಡಿರಿ.

ಆದರೆ ಪ್ರವೇಶದ ಮಾತು ಬೇರೆ, ನೌಕರಿಯ ಮಾತು ಬೇರೆ. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡ ಬಲ್ಲವನು ಎಂದು ಆ ಮಸೂದೆಯಲ್ಲಿತ್ತು. ನಮ್ಮ ಹುಡುಗ ಕನ್ನಡದಲ್ಲಿ ಅತ್ತವನು, ಕನ್ನಡದಲ್ಲಿ ಲೆಕ್ಕ ಕಲಿತವನು. ಆದರೆ ಹುಟ್ಟಿದ್ದು ಸಾಂಗ್ಲಿ ಜಿಲ್ಲೆಯಲ್ಲಿ. ಬೆಂಗಳೂರಿನಲ್ಲಿ ಮಹಾರಾಷ್ಟ್ರದವನು, ಪುಣೆಯಲ್ಲಿ ಕನ್ನಡದವನು. ಇದು ನಮ್ಮ ನೋವು. ಇದನ್ನು ಕೇಳಬೇಕಾದ ಕಡೆ ಸಂಘದ ಮೂಲಕ ಕೇಳಬೇಕು. ಆದರೆ ಅದೇ ನೋವಿನೊಳಗೆ ಒಂದು ಬಲವೂ ಇದೆ. ಪೀಣ್ಯದ ಶೆಡ್ಡಿನಲ್ಲಿ ಕನ್ನಡ, ಚಾಕಣದ ಕಾರ್ಖಾನೆಯಲ್ಲಿ ಮರಾಠಿ. ಎರಡೂ ಬಲ್ಲ ಮಕ್ಕಳು ಎಷ್ಟು ಊರುಗಳಲ್ಲಿ ಇದ್ದಾರೆ? ಇಂಗ್ಲಿಷ್ ಒಂದನ್ನು ನಾಲಿಗೆಗೆ ರೂಢಿ ಮಾಡಿಕೊಂಡರೆ ಎರಡು ಪಟ್ಟಣಗಳಲ್ಲೂ ನಮ್ಮವನು ಅರ್ಜಿ ಹಾಕಬಹುದು. ಬೆಂಗಳೂರು ಒಂದನ್ನೇ ಹಿಡಿದು ಕೂರಬಾರದು.

ಈಗ ಕೈಗೊಳ್ಳಬೇಕಾದ ಕೆಲಸಗಳು.

ಒಂದನೆಯದಾಗಿ, ಕೆಲಸ ಕೊಡುವವನಿಗಾಗಲಿ ಕೊಡಿಸುವವನಿಗಾಗಲಿ ಒಂದು ಪೈಸೆಯನ್ನೂ ಕೊಡಬಾರದು. ತರಬೇತಿ ಶುಲ್ಕ, ಠೇವಣಿ, ಲ್ಯಾಪ್‌ಟಾಪ್ ಹಣ, ಹೆಸರು ಏನೇ ಇರಲಿ. ಸಂಬಳ ಕೊಡಬೇಕಾದವನು ನಮ್ಮಿಂದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕು.

ಎರಡನೆಯದಾಗಿ, ಮೂಲ ಅಂಕಪಟ್ಟಿ ಕೈಬಿಡಬಾರದು. ತೋರಿಸಿರಿ, ನಕಲು ಕೊಡಿರಿ, ಮೂಲವನ್ನು ಮರಳಿ ಚೀಲಕ್ಕೆ ಹಾಕಿಕೊಳ್ಳಿರಿ.

ಮೂರನೆಯದಾಗಿ, ಊರಲ್ಲಿದ್ದೇ ಅರ್ಜಿ ಹಾಕಲಿ. ಮೊದಲ ಸುತ್ತಿನ ಪರೀಕ್ಷೆ, ಸಂದರ್ಶನಗಳು ಈಗ ಬಹಳಷ್ಟು ಕಡೆ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ನಡೆಯುತ್ತವೆ. ನೇರ ಭೇಟಿಗೆ ಕರೆ ಬಂದ ಮೇಲೆ ಹೋಗಲಿ. ಬರಿಗೈಯಲ್ಲಿ ಪಟ್ಟಣದ ಬಾಡಿಗೆ ತೆರುತ್ತಾ ಕಾಯುವುದರಲ್ಲಿ ಲಾಭವಿಲ್ಲ.

ನಾಲ್ಕನೆಯದಾಗಿ, ಅಪ್ರೆಂಟಿಸ್ ಕೆಲಸವನ್ನು ಕೀಳೆಂದು ತಿಳಿಯಬಾರದು. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿಯಾಗಿ ಪದವೀಧರ ಮತ್ತು ಡಿಪ್ಲೊಮಾ ಇಂಜಿನಿಯರರೂ ಅದರಲ್ಲಿ ಸೇರಿದರು. ಒಂದು ವರ್ಷ ತರಬೇತಿ, ಪ್ರತಿ ತಿಂಗಳು ಶಿಷ್ಯವೇತನ, ಕೊನೆಗೆ ಸರಕಾರಿ ಪ್ರಮಾಣಪತ್ರ. ಎಚ್.ಎ.ಎಲ್., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳು ಹೀಗೆ ತೆಗೆದುಕೊಳ್ಳುತ್ತವೆ. ಕಾಯಂ ಕೆಲಸದ ಭರವಸೆ ಅದರಲ್ಲಿಲ್ಲ. ಆದರೆ "ಅನುಭವ ಏನಿದೆ?" ಎಂದು ಮುಂದೆ ಕೇಳುವವನಿಗೆ ಉತ್ತರ ಸಿಗುತ್ತದೆ.

ಐದನೆಯದಾಗಿ, ಸೇರುವ ದಿನ ನೇಮಕಪತ್ರ ಕೇಳಿ ಪಡೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ನೇಮಕಪತ್ರ ಕೊಡುವುದು ಮಾಲೀಕನ ಕರ್ತವ್ಯ. ಕಂಪನಿಯ ಹೆಸರೇ ಇದೆಯೋ, ನಡುವೆ ಗುತ್ತಿಗೆದಾರನ ಹೆಸರಿದೆಯೋ ನೋಡಬೇಕು. ಇಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇದ್ದರೆ ಓದಿ ತಿಳಿದ ಮೇಲೆಯೇ ಸಹಿ. ಭವಿಷ್ಯನಿಧಿ ಕಡಿದರೆ ಅದು ಖಾತೆಗೆ ಜಮಾ ಆಗುತ್ತಿದೆಯೋ ತಿಂಗಳು ತಿಂಗಳು ನೋಡಿಕೊಳ್ಳಬೇಕು. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸವೂ ಕೂಲಿಯೇ. ಅದನ್ನು ತಿಳಿದೇ ಬೆಂಗಳೂರಿನ ಐ.ಟಿ. ನೌಕರರು 2017ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. "ದೂರದ ಊರು, ಬ್ಯಾಡ" ಎಂದು ಒಂದೇ ಮಾತಿಗೆ ಬಾಗಿಲು ಹಾಕಬೇಡಿರಿ. ಒಬ್ಬರು ಮೊದಲು ಹೋಗಿ ವಸತಿಗೃಹವನ್ನೂ ರಾತ್ರಿ ಪಾಳಿಯ ವಾಹನವನ್ನೂ ವಿಚಾರಿಸಿ ಬನ್ನಿರಿ. ವಿಚಾರಿಸುವ ಕಷ್ಟ ತಪ್ಪಿಸಿಕೊಳ್ಳಲು ಮಗಳ ಓದನ್ನು ಮಣ್ಣುಪಾಲು ಮಾಡುವುದು ನ್ಯಾಯವಲ್ಲ.

ಕೊನೆಯದಾಗಿ, ಈ ಕೂಟ ಮಾಡಬೇಕಾದ ಕೆಲಸ. ಹೋಗುವ ಮಗುವಿಗೆ ಬೇಕಾದದ್ದು ಮೂರು: ಮೂರು ತಿಂಗಳ ಊಟ-ಬಾಡಿಗೆಯ ಹಣ, ಇಳಿದಾಗ ಎದುರುಗೊಳ್ಳುವ ಒಬ್ಬ ಮನುಷ್ಯ, ಸೋತರೆ ತಲೆಯೆತ್ತಿ ಮರಳುವ ಧೈರ್ಯ. ಮೊದಲನೆಯದಕ್ಕೆ ಬಡ್ಡಿಯವನ ಬಾಗಿಲಿಗೆ ಹೋಗದೆ, ಮನೆಗೆ ತಿಂಗಳಿಗಿಷ್ಟು ಎಂದು ಕೂಡಿಸಿ ಒಂದು ನಿಧಿ ಮಾಡೋಣ. ಕೆಲಸ ಸಿಕ್ಕವನು ಬಡ್ಡಿಯಿಲ್ಲದೆ ಮರಳಿಸಲಿ. ಎರಡನೆಯದಕ್ಕೆ, ಪುಣೆ ಬೆಂಗಳೂರುಗಳಲ್ಲಿರುವ ನಮ್ಮ ಮಕ್ಕಳ ಹೆಸರು, ಫೋನ್ ನಂಬರುಗಳನ್ನು ಒಂದು ವಹಿಯಲ್ಲಿ ಬರೆದಿಡೋಣ. ಮೂರನೆಯದಕ್ಕೆ ಹಣ ಬೇಕಿಲ್ಲ. ಹೋಗುವ ದಿನವೇ ತಂದೆ ಹೇಳಬೇಕು: "ಸಿಕ್ಕರ ಚಲೋ, ಸಿಗದಿದ್ರ ಮನಿಗೆ ಬಾ. ಖರೇ ಹೇಳು."

ಆ ಹುಡುಗ ಈಗ ಪುಣೆಯ ಕಡೆ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾನೆ. ಮೊದಲ ಶಿಷ್ಯವೇತನದಲ್ಲಿ ಸಾಲಕ್ಕೆಂದು ಎರಡು ಸಾವಿರ ಕಳುಹಿಸಿದ. ಸಾಕ್ಷಿ ಸಹಿ ಹಾಕಿದ್ದ ನಾವೂ ನಮ್ಮ ಪಾಲೆಂದು ಅದಕ್ಕೆ ಐನೂರು ಸೇರಿಸಿದೆವು. ಪೇಢೆ ಹಂಚಲಿಲ್ಲ. ವಹಿಯ ಮೊದಲನೆಯ ಪುಟದಲ್ಲಿ ಅವನ ನಂಬರು ಬರೆದಿದ್ದೇವೆ. ನಿಮ್ಮ ಮಕ್ಕಳು ಪುಣೆಯಲ್ಲಿ ಇಳಿದರೆ ಅವನೇ ಬಂದು ಎದುರುಗೊಳ್ಳುವನೆಂದು ಹೇಳಿಕಳುಹಿಸಿದ್ದಾನೆ.

ವಹಿ ಈ ಮೇಜಿನ ಮೇಲಿದೆ. ಹೋಗುವ ಮುನ್ನ ಪ್ರತಿಯೊಬ್ಬರೂ ಬಂದು ಬರೆಯಿಸಿರಿ.