ಜೇನಿನ ಊರಲ್ಲಿ ಎದೆಹಾಲಿನ ಮಾತು



ನಮ್ಮ ಕಕ್ಕಬೆ ಜೇನಿಗೆ ಹೆಸರಾದ ಊರು. ಆದರೆ ಹಸುಗೂಸು ಸೊರಗಿದಂತೆ ಕಂಡಾಗ ಅದರ ಬಾಯಿಗೆ ಜೇನು ನೆಕ್ಕಿಸಬೇಡಿ. ಒಂದು ವರ್ಷ ತುಂಬುವ ಮೊದಲು ಜೇನು ಕೊಟ್ಟರೆ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಸಕ್ಕರೆ ನೀರೂ ಬೇಡ. ಅದರಿಂದ ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲೂ ಕಡಿಮೆಯಾಗುತ್ತದೆ.

ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ, ಹಾಲುಣಿಸಿ. ಮೊಲೆತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗಬೇಕು.

ಹೆರಿಗೆಯಾದ 42 ದಿನಗಳವರೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮಗುವನ್ನು ತೂಗುತ್ತಾರೆ. ಆ ಅಂಕಿಯನ್ನು ತಪ್ಪದೆ ಕೇಳಿ ತಿಳಿಯಿರಿ. ಎರಡು ವಾರವಾದರೂ ತೂಕ ಮರಳದಿದ್ದರೆ ವೈದ್ಯರಿಗೆ ತೋರಿಸಿ. ಮಗು ಹಾಲಿಗೂ ಏಳದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಒಂದು ದಿನವೂ ಕಾಯಬೇಡಿ.

"ನಿನಗೆ ಹಾಲೇ ಇಲ್ಲ" ಎಂದು ಬಾಣಂತಿಯನ್ನು ಹಳಿಯಬೇಡಿ. ಸೂರಾ ಅಲ್‌ಬಖರಾದಲ್ಲಿ ಎರಡು ವರ್ಷ ಹಾಲುಣಿಸುವ ವಿಷಯದ ಜೊತೆಗೇ ತಾಯಿಯ ಅನ್ನವಸ್ತ್ರ ತಂದೆಯ ಹೊಣೆ ಎಂದೂ ಹೇಳಿದೆ. ಆದ್ದರಿಂದ ಅಡುಗೆ, ನೀರು, ಬಟ್ಟೆ ಒಗೆತವನ್ನು ಮನೆಯ ಉಳಿದವರು ನೋಡಿಕೊಳ್ಳಲಿ. ತಾಯಿ ಮಗುವಿನ ಜೊತೆ ಇರಲಿ.